ನೆರಳು, ಬೆಂಚು, ಮೆಟ್ಟಿಲು: ನಡೆಯೋರಿಗೆ ಅಂತಾನೇ ಒಂದು ಮ್ಯಾಪ್ ಕಟ್ಟಿದ ಲಾಗ್

ಮ್ಯಾಪ್ ಆ್ಯಪ್‌ನಲ್ಲಿ ನಡ್ಕೊಂಡು ಹೋಗೋ ದಾರಿ ಕೇಳಿದ್ರೆ ಎಷ್ಟು ದೂರ, ಎಷ್ಟು ನಿಮಿಷ ಅಂತ ಹೇಳಿಬಿಡತ್ತೆ. ಆದ್ರೆ ಮಧ್ಯೆ ಎಲ್ಲಾದ್ರೂ ಕೂರೋಕೆ ಜಾಗ ಇದ್ಯಾ, ಮಧ್ಯಾಹ್ನದ ಹೊತ್ತಲ್ಲಿ ಆ ದಾರೀಲಿ ನೆರಳು ಬೀಳತ್ತಾ, ಮೆಟ್ಟಿಲಿದ್ರೆ ಹಿಡ್ಕೊಳೋಕೆ ಕಂಬಿ ಇದ್ಯಾ, ಇದ್ಯಾವ್ದೂ ಹೇಳಲ್ಲ. ಅಮ್ಮನಿಗೆ ಮೊಣಕಾಲು ನೋವು ಶುರುವಾದ್ಮೇಲೆ ನಂಗೆ ಬೇಕಾಗಿದ್ದು ಈ ಮೂರೇ ಮಾಹಿತಿ, ಎಲ್ಲೂ ರೆಡಿಯಾಗಿ ಸಿಗ್ಲಿಲ್ಲ, ಹಾಗಾಗಿ ನಾನೇ ಒಂದು ಆನ್‌ಲೈನ್ ಮ್ಯಾಪ್ ಕಟ್ಟೋಕೆ ಕೂತೆ. ಮನೆಯಿಂದ ನಡ್ಕೊಂಡು ಹೋಗೋವಷ್ಟು ದೂರದ ಜಾಗ, ಅಷ್ಟೇ ಅದರ ವ್ಯಾಪ್ತಿ. ಜಾವಾಸ್ಕ್ರಿಪ್ಟ್ ಸ್ವಲ್ಪ ಬರೋ ಯಾರು ಬೇಕಾದ್ರೂ ತಮ್ಮ ಏರಿಯಾಗೆ ಇದನ್ನ ಮಾಡ್ಕೋಬಹುದು, ಅದಕ್ಕೇ ಹೇಗೆ ಮಾಡ್ದೆ ಅಂತ ಪೂರ್ತಿ ಬರೀತಿದೀನಿ.

ಶುರು ಮಾಡೋಕೆ ಮುಂಚೆ ಒಂದು ವಿಷಯ ಗಟ್ಟಿ ಮಾಡ್ಕೊಂಡೆ. ಈ ಮ್ಯಾಪ್ ಒಂದೇ ಪ್ರಶ್ನೆಗೆ ಉತ್ತರ ಕೊಡ್ಬೇಕು: ಈಗ ಹೊರಟ್ರೆ ಅಲ್ಲಲ್ಲಿ ಕೂತು ಸುಧಾರಿಸ್ಕೊಂಡು ಆರಾಮಾಗಿ ತಲುಪಬಹುದಾ? ಅಂಗಡಿ, ಬ್ಯಾಂಕು, ಸಿನಿಮಾ ಮಂದಿರ ಎಲ್ಲಾ ಬೇರೆ ಮ್ಯಾಪ್‌ಗಳಲ್ಲಿ ಇದ್ದೇ ಇದೆ, ಇಲ್ಲಿ ಬೇಡ. ಉಪಯೋಗಕ್ಕೆ ಬಂದ ಮ್ಯಾಪ್‌ಗಳ ಕಥೆ ತೆಗೆದು ನೋಡಿ, ಹೆಚ್ಚುಕಮ್ಮಿ ಎಲ್ಲದ್ರಲ್ಲೂ ಇದೇ ಕಾಣತ್ತೆ. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ್ ಜಾನ್ ಸ್ನೋ ಮಾಡಿದ ಮ್ಯಾಪ್‌ನಲ್ಲಿ ಇದ್ದಿದ್ದು ಬೀದಿಗಳು, ಸತ್ತವರ ಲೆಕ್ಕಕ್ಕೆ ಮನೆ ಮುಂದೆ ಸಣ್ಣ ಸಣ್ಣ ಕಪ್ಪು ಗೆರೆ, ಆಮೇಲೆ ನೀರಿನ ಪಂಪುಗಳು, ಅಷ್ಟೇ. ಬ್ರಾಡ್ ಸ್ಟ್ರೀಟ್‌ನ ಪಂಪಿನ ಸುತ್ತಾನೇ ಗೆರೆಗಳು ಒತ್ತೊತ್ತಾಗಿ ಸೇರಿರೋದು ಈಗ ನೋಡಿದ್ರೂ ಎದ್ದು ಕಾಣತ್ತೆ. ಸ್ನೋ ಆ ಮ್ಯಾಪ್‌ನಲ್ಲಿ ಇನ್ನೂ ಒಂದು ಕೆಲಸ ಮಾಡಿದ್ರು, ಅದು ನನ್ನ ಪ್ರಾಜೆಕ್ಟ್‌ಗೆ ನೇರವಾಗಿ ಬೇಕಾಗಿದ್ದು, ಮುಂದೆ ಬರತ್ತೆ.

ಅಡಿಪಾಯ

ಮ್ಯಾಪ್ ತೋರ್ಸೋಕೆ ಲೀಫ್ಲೆಟ್ ತಗೊಂಡೆ. ವೊಲೊಡಿಮಿರ್ ಅಗಾಫೊಂಕಿನ್ ಅನ್ನೋರು 2011ರಲ್ಲಿ ಬಿಟ್ಟ ಲೈಬ್ರರಿ (ನಮ್ಮ ಕೋಡ್‌ಗೆ ಸೇರಿಸ್ಕೊಳೋ ರೆಡಿ ಕೋಡ್), ಕಂಪ್ರೆಸ್ ಆದ್ಮೇಲೆ 40 ಕೆಬಿ ಚಿಲ್ಲರೆ ಅಷ್ಟೇ ಬರತ್ತೆ, ಹಳೇ ಫೋನ್‌ನಲ್ಲೂ ತಡವರಿಸಲ್ಲ. ಕೋಡ್ ಬೇಡವೇ ಬೇಡ ಅನ್ನೋರಿಗೆ ಯುಮ್ಯಾಪ್ ಇದೆ, ಬ್ರೌಸರ್‌ನಲ್ಲೇ ಪಿನ್ ಹಾಕಿ, ಗೆರೆ ಎಳೆದು, ಲೇಯರ್ ಮಾಡಿ ಲಿಂಕ್ ಹಂಚಬಹುದು. ಬೆಂಚು ಮೆಟ್ಟಿಲು ತೋರ್ಸೋವಷ್ಟಕ್ಕೆ ಯುಮ್ಯಾಪ್ ಸಾಕು, ನಾನು ಕೋಡ್‌ಗೆ ಹೋಗಿದ್ದು ನೆರಳಿನ ಲೆಕ್ಕಕ್ಕೋಸ್ಕರ.

ಡೇಟಾ ಓಪನ್‌ಸ್ಟ್ರೀಟ್‌ಮ್ಯಾಪ್‌ದು. ಸ್ಟೀವ್ ಕೋಸ್ಟ್ 2004ರಲ್ಲಿ ಬ್ರಿಟನ್‌ನಲ್ಲಿ ಶುರು ಮಾಡಿದ್ದು, ಈಗ ಪ್ರಪಂಚದ ಎಲ್ಲಾ ಕಡೆ ಜನ ಸೇರ್ಕೊಂಡು ಬೆಳೆಸ್ತಿರೋದು. 2012ರಿಂದ ಅದು ಒಡಿಬಿಎಲ್ ಲೈಸೆನ್ಸ್‌ನಲ್ಲಿದೆ, ಅಂದ್ರೆ ಬಳಸಿ, ಬದಲಾಯಿಸಿ, ಹಂಚಿ, ಆದ್ರೆ ಓಪನ್‌ಸ್ಟ್ರೀಟ್‌ಮ್ಯಾಪ್ ಕಾಂಟ್ರಿಬ್ಯೂಟರ್ಸ್ ಅಂತ ಮ್ಯಾಪ್ ಮೇಲೆ ಕಾಣೋ ಹಾಗೆ ಹಾಕ್ಲೇಬೇಕು. ಕೆಲವರು ಡಿಸೈನ್ ನೀಟಾಗಿ ಕಾಣ್ಲಿ ಅಂತ ಆ ಸಾಲು ತೆಗೆದುಬಿಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಲಕ್ಷಾಂತರ ಜನ ಪುಕ್ಕಟೆ ಮಾಡಿದ ಕೆಲಸಕ್ಕೆ ನಾವು ಕೊಡೋದು ಆ ಒಂದು ಸಾಲು ಮಾತ್ರ.

ಟೈಲ್ ಅಂದ್ರೆ ಏನು ಅಂತ ಗೊತ್ತಿದ್ರೆ ಮುಂದಿನದು ಸುಲಭ, ಮ್ಯಾಪ್ ಚಿತ್ರವನ್ನ ಕತ್ತರಿಸಿಟ್ಟ ಚೌಕದ ತುಂಡುಗಳೇ ಟೈಲ್. ಝೂಮ್ 0ರಲ್ಲಿ ಇಡೀ ಪ್ರಪಂಚ 256 ಪಿಕ್ಸೆಲ್ ಅಗಲ 256 ಪಿಕ್ಸೆಲ್ ಉದ್ದದ ಒಂದೇ ಚೌಕ. ಒಂದೊಂದು ಝೂಮ್ ಒಳಗೆ ಹೋದಂಗೂ ಪ್ರತಿ ಚೌಕ ನಾಲ್ಕಾಗತ್ತೆ, ಝೂಮ್ 19ಕ್ಕೆ ಬರೋ ಹೊತ್ತಿಗೆ ಒಟ್ಟು ಚೌಕಗಳು 27,000 ಕೋಟಿ ದಾಟತ್ತೆ. ನಮಗೆ ಬೇಕಾಗಿರೋದು ಇನ್ನೊಂದು ಲೆಕ್ಕ, ಒಂದು ಪಿಕ್ಸೆಲ್ ಅಂದ್ರೆ ನೆಲದ ಮೇಲೆ ಎಷ್ಟು? ಸಮಭಾಜಕದ ಹತ್ರ ಝೂಮ್ 16ರಲ್ಲಿ ಸುಮಾರು 2.4 ಮೀಟರ್, ಝೂಮ್ 18ರಲ್ಲಿ 60 ಸೆಂಟಿಮೀಟರ್, 19ರಲ್ಲಿ 30 ಸೆಂಟಿಮೀಟರ್. ಒಂದು ಬೆಂಚು ಒಂದೂವರೆ ಮೀಟರ್ ಇರತ್ತೆ ಅಂದ್ಕೊಳಿ, ಝೂಮ್ 16ರಲ್ಲಿ ಅದು ಒಂದು ಪಿಕ್ಸೆಲ್ಲೂ ಅಲ್ಲ. ಹಾಗಾಗಿ ಬೆಂಚಿನ ಐಕಾನ್ 16ರಿಂದ ಮೇಲೆ ಮಾತ್ರ ಕಾಣ್ಬೇಕು, ಅದಕ್ಕಿಂತ ಹೊರಗೆ ಹೋದ್ರೆ ದಾರಿಯ ಬಣ್ಣ ಮಾತ್ರ ಅಂತ ಇಟ್ಟೆ.

ಬೆಂಚು ಹುಡುಕೋ ಕೆಲಸ

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ವಸ್ತುವಿಗೂ ಅದೇನು ಅಂತ ಹೇಳೋ ಟ್ಯಾಗ್ ಅಂಟಿಸಿರ್ತಾರೆ. ಆ ಡೇಟಾ ಹುಡುಕಿ ಕೊಡೋ ಓವರ್‌ಪಾಸ್ ಟರ್ಬೋ ಅನ್ನೋ ಸೈಟ್‌ಗೆ ಹೋಗಿ ಈ ಚೌಕದೊಳಗೆ ಅಮೆನಿಟಿ=ಬೆಂಚ್ ಇರೋದೆಲ್ಲಾ ಕೊಡು, ಹೈವೇ=ಸ್ಟೆಪ್ಸ್ ಇರೋದೆಲ್ಲಾ ಕೊಡು, ಅಮೆನಿಟಿ=ಡ್ರಿಂಕಿಂಗ್ ವಾಟರ್, ಅಮೆನಿಟಿ=ಟಾಯ್ಲೆಟ್ಸ್ ಕೊಡು ಅಂತ ಕೇಳಿದ್ರೆ ಮ್ಯಾಪ್ ಮೇಲೇ ತೋರ್ಸಿ, ಜಿಯೋಜೇಸನ್ (ಜಾಗಗಳ ಮಾಹಿತಿ ಬರೆದಿಡೋ ಒಂದು ಫಾರ್ಮ್ಯಾಟ್) ಫೈಲ್ ಆಗಿ ಇಳಿಸ್ಕೊಳೋಕೂ ಕೊಡತ್ತೆ. ಒಂದು ಸಣ್ಣ ವಿಷಯ: ಬೆಂಚನ್ನ ಕೆಲವರು ಚುಕ್ಕೆಯಾಗಿ ಹಾಕಿರ್ತಾರೆ, ಕೆಲವರು ಉದ್ದ ಬೆಂಚು ಅಂತ ಗೆರೆಯಾಗಿ ಎಳೆದಿರ್ತಾರೆ, ಬರೀ ನೋಡ್ (ಚುಕ್ಕೆ) ಕೇಳಿದ್ರೆ ಎರಡನೇ ತರದವು ಬರೋದೇ ಇಲ್ಲ, ನೋಡ್, ವೇ (ಗೆರೆ) ಎರಡನ್ನೂ ಕೇಳಿ. ಮೆಟ್ಟಿಲಿಗೆ ಪೂರ್ತಿ ಆಕಾರ ಬೇಕು, ಅದಕ್ಕೆ ಔಟ್ ಜಿಯೋಮ್ ಅಂತ ಕೇಳ್ಬೇಕು.

ನನ್ನ ಏರಿಯಾದಲ್ಲಿ ರಸ್ತೆಗಳು ಚೆನ್ನಾಗಿ ಬಂದಿದ್ವು, ಕಟ್ಟಡಗಳೂ ಬಹಳಷ್ಟು ಇದ್ವು, ಬೆಂಚು ಮಾತ್ರ ಕೈಬೆರಳಲ್ಲಿ ಎಣಿಸೋವಷ್ಟು. ಅಲ್ಲಿ ಬೆಂಚುಗಳಿಲ್ಲ ಅಂತಲ್ಲ, ಯಾರೂ ಹಾಕಿಲ್ಲ ಅಷ್ಟೇ. ಸೋ ಈ ಪ್ರಾಜೆಕ್ಟ್‌ನ ಮುಕ್ಕಾಲು ಪಾಲು ಕೆಲಸ ಕಂಪ್ಯೂಟರ್ ಮುಂದೆ ಅಲ್ಲ, ಕಾಲ್ನಡಿಗೇಲಿ. ಆಂಡ್ರಾಯ್ಡ್‌ನಲ್ಲಿ ಸ್ಟ್ರೀಟ್‌ಕಂಪ್ಲೀಟ್ ಅಂತ ಒಂದು ಆ್ಯಪ್ ಇದೆ, ಅದು ನೀವಿರೋ ಜಾಗದ ಸುತ್ತ ಇರೋ ಸಣ್ಣ ಸಣ್ಣ ಪ್ರಶ್ನೆಗಳನ್ನ ತೋರ್ಸತ್ತೆ, ಈ ಬೆಂಚಿಗೆ ಒರಗೋಕೆ ಇದ್ಯಾ, ಈ ಮೆಟ್ಟಿಲಿಗೆ ಕಂಬಿ ಇದ್ಯಾ, ಈ ದಾರಿಗೆ ರಾತ್ರಿ ಲೈಟ್ ಇದ್ಯಾ ಅಂತ, ಉತ್ತರ ಒತ್ತಿದ್ರೆ ನೇರ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರತ್ತೆ. ಹೊಸ ಬೆಂಚು ಸೇರಿಸೋಕೆ ಎವ್ರಿಡೋರ್ ಆ್ಯಪ್ ನನಗೆ ಅನುಕೂಲ ಅನ್ನಿಸ್ತು, ಅದು ಐಫೋನ್‌ನಲ್ಲೂ ಇದೆ.

ಅಮ್ಮನ ಜೊತೆ ನಡೆದಾಗ ನಾನು ಬರೀತಿದ್ದ ವಿವರಗಳ ಪಟ್ಟಿಯೇ ಬದಲಾಯ್ತು. ನಾನು ಒರಗೋ ಜಾಗ ಇದ್ಯಾ ಇಲ್ವಾ ಅಂತ ಮಾತ್ರ ನೋಡ್ತಿದ್ದೆ, ಅವರು ಮೊದಲು ನೋಡ್ತಿದ್ದಿದ್ದು ಪಕ್ಕದಲ್ಲಿ ಕೈ ಇಡೋ ಹಿಡಿ ಇದ್ಯಾ ಅಂತ. ಕೂರೋದು ಕಷ್ಟ ಅಲ್ಲ, ಏಳೋದು ಕಷ್ಟ, ಏಳುವಾಗ ಅಂಗೈ ಊರಿ ಮೇಲಕ್ಕೆ ತಳ್ಕೊಳೋಕೆ ಏನಾದ್ರೂ ಬೇಕು. ಗ್ರಾನೈಟ್ ಚಪ್ಪಡಿ ಹಾಕಿರೋ ಬೆಂಚು ನೋಡೋಕೆ ಚೆನ್ನಾಗಿರತ್ತೆ, ಅದ್ರಿಂದ ಎದ್ದೇಳೋಕೆ ಎರಡೂ ಕೈ ತೊಡೆ ಮೇಲಿಟ್ಟು ಮುಂದಕ್ಕೆ ಬಗ್ಗಬೇಕಾಗತ್ತೆ, ಮೊಣಕಾಲಿನ ಮೇಲೆ ಪೂರ್ತಿ ಭಾರ ಬೀಳತ್ತೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬ್ಯಾಕ್‌ರೆಸ್ಟ್ ಜೊತೆಗೆ ಆರ್ಮ್‌ರೆಸ್ಟ್ ಅನ್ನೋ ಟ್ಯಾಗ್ ಕೂಡ ಇದೆ, ಆಮೇಲಿಂದ ಎರಡನ್ನೂ ತುಂಬ್ತಾ ಹೋದೆ. ನನ್ನ ಮ್ಯಾಪ್‌ನಲ್ಲಿ ಕೈಹಿಡಿ ಇರೋ ಬೆಂಚಿಗೆ ತುಂಬಿದ ಐಕಾನ್, ಇಲ್ಲದಿರೋದಕ್ಕೆ ಬರೀ ಔಟ್‌ಲೈನ್.

ಈ ಮಾಹಿತಿನೆಲ್ಲಾ ನನ್ನ ಹತ್ರ ಇರೋ ಒಂದು ಫೈಲ್‌ನಲ್ಲೇ ಇಟ್ಕೋಬಹುದಿತ್ತು, ಬೇಗ ಆಗ್ತಿತ್ತು ಕೂಡ. ಆದ್ರೂ ಓಪನ್‌ಸ್ಟ್ರೀಟ್‌ಮ್ಯಾಪ್‌ಗೇ ಹಾಕಿದ್ದಕ್ಕೆ ಕಾರಣ ಇದೆ. ಸಾಮಾನ್ಯ ರಾಶಿಗೆ ಹಾಕಿದ ಡೇಟಾ ನಾವು ಅಂದ್ಕೊಂಡಿರದ ಕಡೆ ಉಪಯೋಗಕ್ಕೆ ಬರತ್ತೆ. 2010ರ ಜನವರಿ 12ಕ್ಕೆ ಹೈಟಿಯಲ್ಲಿ ಭೂಕಂಪ ಆದಾಗ ರಾಜಧಾನಿ ಪೋರ್ಟೋಪ್ರಿನ್ಸ್‌ಗೆ ಸರಿಯಾದ ಡಿಜಿಟಲ್ ಮ್ಯಾಪ್ ಇರ್ಲಿಲ್ಲ, ಬೇರೆ ಬೇರೆ ದೇಶದಲ್ಲಿ ಕೂತ ವಾಲಂಟಿಯರ್‌ಗಳು ಉಪಗ್ರಹ ಚಿತ್ರ ನೋಡ್ಕೊಂಡು ಕೆಲವೇ ದಿನದಲ್ಲಿ ಬೀದಿ ಬೀದಿ ಎಳೆದು ಹಾಕಿದ್ರು, ಪರಿಹಾರದ ತಂಡಗಳು ಅದನ್ನೇ ಹಿಡ್ಕೊಂಡು ಓಡಾಡಿದ್ವು. ಒಂದು ಬೆಂಚು ಅಷ್ಟು ದೊಡ್ಡ ವಿಷಯ ಅಲ್ಲ, ಆದ್ರೆ ಗಾಲಿಕುರ್ಚಿಯವರಿಗೆ ಆ್ಯಪ್ ಮಾಡೋರು, ಹೆಜ್ಜೆ ಎಣಿಸೋ ಆ್ಯಪ್ ಮಾಡೋರು ಯಾರಾದ್ರೂ ನಾಳೆ ಅದನ್ನ ಬಳಸಬಹುದಲ್ಲ.

ಒಂದು ನಿಯಮ ಮಾತ್ರ ಕಟ್ಟುನಿಟ್ಟು, ಬೇರೆ ಕಂಪನಿಗಳ ಮ್ಯಾಪ್ ನೋಡ್ಕೊಂಡು ಹೆಸರು, ಜಾಗ ಕಾಪಿ ಮಾಡಿ ಇದಕ್ಕೆ ಹಾಕೋ ಹಾಗಿಲ್ಲ. ಕಣ್ಣಾರೆ ನೋಡಿದ್ದು ಹಾಕ್ಬೇಕು, ಇಲ್ಲಾ ಓಪನ್‌ಸ್ಟ್ರೀಟ್‌ಮ್ಯಾಪ್ ತಿದ್ದೋ ಎಡಿಟರ್‌ನೊಳಗೇ ಅನುಮತಿ ಇರೋ ಉಪಗ್ರಹ ಚಿತ್ರ ನೋಡಿ ಹಾಕ್ಬೇಕು.

ಜಿಪಿಎಸ್ ಬಗ್ಗೆ

ತೆರೆದ ಆಕಾಶದ ಕೆಳಗೆ ಫೋನ್‌ನ ಜಿಪಿಎಸ್ ಸುಮಾರು 5 ಮೀಟರ್ ಒಳಗೆ ಸರಿ ಇರತ್ತೆ. ಎತ್ತರದ ಕಟ್ಟಡಗಳ ಮಧ್ಯೆ ಸಿಗ್ನಲ್ ಗೋಡೆಗೆ ಬಡಿದು ಸುತ್ತಿ ಬರೋದ್ರಿಂದ ರಸ್ತೆಯ ಆಚೆ ಪಕ್ಕಕ್ಕೇ ಚುಕ್ಕೆ ಹೋಗಿಬಿಡತ್ತೆ. ರಸ್ತೆ ದಾಟೋದೇ ಕಷ್ಟ ಇರೋರಿಗೆ ಬೆಂಚು ಯಾವ ಪಕ್ಕ ಅನ್ನೋದು ಬಹಳ ಮುಖ್ಯ, ಹಾಗಾಗಿ ಜಿಪಿಎಸ್ ಕೊಟ್ಟ ಜಾಗ ಹಾಗೇ ನಂಬದೆ ಹತ್ತಿರದ ಕಟ್ಟಡದ ಮೂಲೆ ನೋಡ್ಕೊಂಡು ಪಿನ್ ಎಳೆದು ಕೂರಿಸಿ. ಉಪಗ್ರಹ ಚಿತ್ರವೂ ಕೆಲವು ಕಡೆ ಕೆಲವು ಮೀಟರ್ ಸರಿದಿರತ್ತೆ, ಎಡಿಟರ್‌ನಲ್ಲಿ ಅದನ್ನ ಸರಿಸಿ ಹೊಂದಿಸೋ ಆಯ್ಕೆ ಇದೆ, ಜನ ಅಪ್‌ಲೋಡ್ ಮಾಡಿರೋ ಜಿಪಿಎಸ್ ಹಾದಿಗಳಿಗೆ ಹೋಲಿಸಿ ಹೊಂದಿಸ್ಕೋಬಹುದು.

ದಶಾಂಶ ಎಷ್ಟು ಬೇಕು ಅಂತಾನೂ ಇಲ್ಲೇ ಹೇಳ್ತೀನಿ. ಒಂದು ಡಿಗ್ರಿ ಅಕ್ಷಾಂಶ ಅಂದ್ರೆ ಸುಮಾರು 111 ಕಿಲೋಮೀಟರ್, ಅಲ್ಲಿಗೆ ಐದನೇ ದಶಾಂಶ ಸ್ಥಾನ ಅಂದ್ರೆ 1.1 ಮೀಟರ್, ಆರನೇದು 11 ಸೆಂಟಿಮೀಟರ್. ಕೆಲವು ಟೂಲ್‌ಗಳು ಹದಿನಾಲ್ಕು ಹದಿನೈದು ಸ್ಥಾನ ಬರ್ದು ಕೊಡ್ತವೆ, ಆರಕ್ಕೆ ಕತ್ತರಿಸಿದ್ರೆ ಫೈಲ್ ಗಣನೀಯವಾಗಿ ಚಿಕ್ಕದಾಗತ್ತೆ, ಕಳ್ಕೊಳೋದು ಏನೂ ಇಲ್ಲ. ಇನ್ನೊಂದು, ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು ಅಕ್ಷಾಂಶ ಆಮೇಲೆ, ಲೀಫ್ಲೆಟ್‌ನಲ್ಲಿ ಅಕ್ಷಾಂಶ ಮೊದಲು. 2016ರ ಜಿಯೋಜೇಸನ್ ಸ್ಟ್ಯಾಂಡರ್ಡ್‌ನಲ್ಲೇ ಈ ಕ್ರಮ ಬರೆದಿಟ್ಟಿದ್ದಾರೆ. ಫೈಲನ್ನ ಲೀಫ್ಲೆಟ್‌ನ ಜಿಯೋಜೇಸನ್ ಲೇಯರ್ ಮೂಲಕವೇ ಹಾಕಿದ್ರೆ ಅದೇ ತಿರುಗಿಸ್ಕೊಳತ್ತೆ, ಕೈಯಲ್ಲಿ ಮಾರ್ಕರ್ ಹಾಕೋವಾಗ ಮಾತ್ರ ನೋಡ್ಕೊಳಿ. ನಿಮ್ಮ ಬೆಂಚು ಸಮುದ್ರದ ಮಧ್ಯೆ ಕಂಡ್ರೆ ಕಾರಣ ಇದೇ.

ದೂರದ ಲೆಕ್ಕ

ಜಾನ್ ಸ್ನೋ ವಿಷಯ ಈಗ. ಅವರ ಮ್ಯಾಪ್‌ನ ಎರಡನೇ ಆವೃತ್ತಿಯಲ್ಲಿ ಒಂದು ಅಂಕುಡೊಂಕು ಗೆರೆ ಇದೆ, ಬ್ರಾಡ್ ಸ್ಟ್ರೀಟ್ ಪಂಪಿಗೂ ಸುತ್ತಲಿನ ಬೇರೆ ಪಂಪುಗಳಿಗೂ ಬೀದಿಗಳ ಮೂಲಕ ನಡೆದು ಹೋದ್ರೆ ಸಮಾನ ದೂರ ಆಗೋ ಜಾಗಗಳನ್ನ ಸೇರಿಸಿದ ಗೆರೆ. ಕಾಂಪಸ್ ಇಟ್ಟು ವೃತ್ತ ಎಳೆಯೋದು ಸುಲಭವಿತ್ತು, ಆದ್ರೆ ಕೊಡ ಹಿಡ್ಕೊಂಡು ಹೋಗೋರು ಗೋಡೆ ತೂರ್ಕೊಂಡು ಹೋಗಲ್ಲ ಅಂತ ಅವರಿಗೆ ಗೊತ್ತಿತ್ತು. ಅಷ್ಟು ಹಿಂದೆ ಕೈಯಲ್ಲೇ ಇದನ್ನ ಮಾಡಿದಾರೆ, ನಾವು ಇವತ್ತಿಗೂ ನನ್ನ ಹತ್ತಿರದ್ದು ಅಂತ ಹುಡುಕಿದ್ರೆ ಬಹಳಷ್ಟು ಕಡೆ ಬರೀ ವೃತ್ತದ ಲೆಕ್ಕವೇ ಸಿಗತ್ತೆ.

ನಾನು ದಾರಿಯ ಲೆಕ್ಕವನ್ನೇ ತಗೊಂಡೆ. ಓವರ್‌ಪಾಸ್‌ನಿಂದ ನಡೆಯೋ ದಾರಿಗಳ ಗೆರೆಗಳನ್ನ ಇಳಿಸಿ, ಜಿಯೋಜೇಸನ್ ಪಾತ್ ಫೈಂಡರ್ ಅನ್ನೋ ಪುಟ್ಟ ಲೈಬ್ರರಿಗೆ ಕೊಟ್ರೆ ಅದು ಬ್ರೌಸರ್‌ನೊಳಗೇ ಡೈಕ್‌ಸ್ಟ್ರಾ ಅನ್ನೋ, ಅತಿ ಹತ್ತಿರದ ದಾರಿ ಲೆಕ್ಕ ಹಾಕೋ ವಿಧಾನದಲ್ಲಿ ದಾರಿ ಹುಡುಕತ್ತೆ, ಸರ್ವರ್ ಬೇಡ. ಚಿಕ್ಕ ಏರಿಯಾಗೆ ಇದು ಧಾರಾಳ ಸಾಕು.

ಇಲ್ಲಿ ಒಂದು ಕಡೆ ದಾರಿ ವಿಚಿತ್ರವಾಗಿ ಸುತ್ತಿ ಬರ್ತಿತ್ತು. ಪಾರ್ಕಿನ ಹಿಂದಿನ ಗೇಟಿಂದ ರಸ್ತೆಗೆ ನೇರ ಇಳಿಯೋ ಕಾಲುದಾರಿ ಇದ್ರೂ ಮ್ಯಾಪ್ ಮುಂದಿನ ಗೇಟಿಂದ ಸುತ್ತು ಹಾಕಿಸ್ತಿತ್ತು. ಎಡಿಟರ್ ತೆಗೆದು ಝೂಮ್ ಮಾಡ್ತಾ ಮಾಡ್ತಾ ಹೋದ್ರೆ, ಕಾಲುದಾರಿಯ ಗೆರೆ ರಸ್ತೆಯ ಗೆರೆಗೆ ಒಂದು ಮೀಟರ್ ಇರುವಾಗ ನಿಂತುಬಿಟ್ಟಿದೆ. ಕಣ್ಣಿಗೆ ಸೇರಿದ ಹಾಗೇ ಕಾಣತ್ತೆ, ಲೆಕ್ಕಕ್ಕೆ ಸೇರಿಲ್ಲ. ಎರಡು ಗೆರೆ ಕೂಡ್ಬೇಕು ಅಂದ್ರೆ ಎರಡಕ್ಕೂ ಒಂದೇ ನೋಡ್ ಇರ್ಬೇಕು, ಬರೀ ಒಂದರ ಮೇಲೊಂದು ಹಾದ್ರೆ ಸಾಲಲ್ಲ, ಯಾಕಂದ್ರೆ ಮೇಲ್ಸೇತುವೆ ಕೆಳಗಿನ ರಸ್ತೆ ಮೇಲೆ ಹಾದು ಹೋಗತ್ತಲ್ಲ, ಅಲ್ಲಿ ಕೂಡ್ಬಾರದು. ಆ ತುದಿ ಎಳೆದು ರಸ್ತೆ ಮೇಲೆ ಬಿಟ್ಟೆ, ನೋಡ್ ಸೇರ್ಕೊಂತು, ದಾರಿ ಸರಿಯಾಯ್ತು. ಇಂಥವು ಇನ್ನೂ ಒಂದಷ್ಟು ಸಿಕ್ವು, ಎಲ್ಲಾ ಸರಿ ಮಾಡ್ದೆ, ಈಗ ಆ ಡೇಟಾ ಬಳಸೋ ಎಲ್ಲಾ ಆ್ಯಪ್‌ಗೂ ಆ ಗೇಟು ತೆರೆದಿದೆ.

ದಾರಿ ಹುಡುಕುವಾಗ ಬರೀ ಉದ್ದ ನೋಡೋದಲ್ಲ, ತೂಕ ಬದಲಾಯಿಸಬಹುದು, ಅಂದ್ರೆ ಕಷ್ಟದ ತುಂಡನ್ನ ಇರೋದಕ್ಕಿಂತ ಉದ್ದ ಅಂತ ಲೆಕ್ಕಕ್ಕೆ ಹಿಡಿಯೋದು. ಬಿಸಿಲಿನ ತುಂಡಿಗೆ ಉದ್ದ ಇಂಟು 1.5, ಕಂಬಿ ಇಲ್ಲದ ಮೆಟ್ಟಿಲಿಗೆ ಇಂಟು 5 ಅಂತ ಕೊಟ್ಟೆ. ಇವು ನಾನು ಅಮ್ಮನ ನಡಿಗೆ ನೋಡಿ ಇಟ್ಟ ಸಂಖ್ಯೆಗಳು, ನಿಮ್ಮವರಿಗೆ ತಕ್ಕ ಹಾಗೆ ಬದಲಾಯಿಸ್ಕೊಳಿ.

ಆಮೇಲೆ ಈ ಇಡೀ ಮ್ಯಾಪ್‌ನಲ್ಲಿ ನನಗೆ ಅತಿ ಮುಖ್ಯ ಅನ್ಸಿದ ಸಂಖ್ಯೆ. ದಾರಿ ತೋರಿಸಿದ ಮೇಲೆ ಕೆಳಗಿನ ಕಾರ್ಡ್‌ನಲ್ಲಿ ದೊಡ್ಡದಾಗಿ ಬರೋದು ನಿಮಿಷ ಅಲ್ಲ, ಒಟ್ಟು ದೂರಾನೂ ಅಲ್ಲ, "ಒಂದೇ ಸಲಕ್ಕೆ ಕೂರದೆ ನಡೀಬೇಕಾದ ದೂರ". ಲೆಕ್ಕ ಹೀಗೆ: ದಾರಿಯ 15 ಮೀಟರ್ ಒಳಗಿರೋ ಬೆಂಚುಗಳನ್ನೆಲ್ಲಾ ದಾರಿಯ ಗೆರೆಗೆ ಅಂಟಿಸಿ, ಶುರುವಿನಿಂದ ಕೊನೇವರೆಗೂ ಸಾಲಾಗಿ ಜೋಡಿಸಿ, ಪಕ್ಕ ಪಕ್ಕದ ಎರಡರ ನಡುವಿನ ಅಂತರಗಳಲ್ಲಿ ಅತಿ ದೊಡ್ಡದು ಯಾವ್ದೋ ಅದನ್ನ ತೆಗೆಯೋದು. 900 ಮೀಟರ್ ದಾರೀಲಿ ಇನ್ನೂರು ಮೀಟರಿಗೊಂದು ಬೆಂಚಿದ್ರೆ ಮೊಣಕಾಲು ನೋವಿರೋರು ಆರಾಮಾಗಿ ಹೋಗ್ತಾರೆ, 500 ಮೀಟರ್ ದಾರೀಲಿ ಒಂದೂ ಇಲ್ಲ ಅಂದ್ರೆ ಹೋಗೋದೇ ಇಲ್ಲ, ಮನೇಲೇ ಉಳೀತಾರೆ. ಒಟ್ಟು ದೂರ ಈ ವ್ಯತ್ಯಾಸ ಮುಚ್ಚಿಹಾಕತ್ತೆ. ಅಮ್ಮ ಈಗ ಹೊರಡೋ ಮುಂಚೆ ನೋಡೋದು ಆ ಒಂದು ಸಂಖ್ಯೆ ಮಾತ್ರ, 300 ಒಳಗಿದ್ರೆ ಕೋಲು ಹಿಡಿದು ಹೊರಟ್ರು ಅಂತಾನೇ.

ನೆರಳು

ಇದು ಅತಿ ಖುಷಿ ಕೊಟ್ಟ ಭಾಗ, ಸ್ವಲ್ಪ ಉದ್ದ ಬರೀತೀನಿ.

ಸೂರ್ಯ ಯಾವ ದಿನ ಯಾವ ಹೊತ್ತಲ್ಲಿ ಎಷ್ಟು ಎತ್ತರದಲ್ಲಿ, ಯಾವ ದಿಕ್ಕಲ್ಲಿ ಇರ್ತಾನೆ ಅಂತ ಹೇಳೋಕೆ ಸನ್‌ಕ್ಯಾಲ್ಕ್ ಅಂತ ಚಿಕ್ಕ ಲೈಬ್ರರಿ ಇದೆ, ಇದೂ ಲೀಫ್ಲೆಟ್ ಬರೆದವರದ್ದೇ. ನೆರಳಿನ ಉದ್ದ ಅಂದ್ರೆ ಕಟ್ಟಡದ ಎತ್ತರವನ್ನ ಸೂರ್ಯನ ಕೋನದ ಟ್ಯಾನ್‌ನಿಂದ ಭಾಗಿಸಿದ್ದು. 12 ಮೀಟರ್ ಕಟ್ಟಡಕ್ಕೆ ಸೂರ್ಯ 60 ಡಿಗ್ರಿ ಮೇಲಿದ್ರೆ ನೆರಳು 7 ಮೀಟರ್ ಹತ್ರ, 45 ಡಿಗ್ರಿಗೆ 12 ಮೀಟರ್, 30 ಡಿಗ್ರಿಗೆ ಇಳಿದ್ರೆ ಸುಮಾರು 21 ಮೀಟರ್, ಅಂದ್ರೆ ರಸ್ತೆ ಪೂರ್ತಿ ಮುಚ್ಚಿ ಎದುರಿನ ಫುಟ್‌ಪಾತ್‌ಗೂ ಬರತ್ತೆ.

ಕಟ್ಟಡದ ಎತ್ತರ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅಪರೂಪ, ಆದ್ರೆ ಮಹಡಿ ಎಷ್ಟು ಅನ್ನೋ ಟ್ಯಾಗ್ ಸಿಗತ್ತೆ, ಸ್ಟ್ರೀಟ್‌ಕಂಪ್ಲೀಟ್ ಅದನ್ನೂ ಕೇಳತ್ತೆ. ಒಂದು ಮಹಡಿಗೆ 3 ಮೀಟರ್ ಅಂತ ಹಿಡಿದೆ. ಸನ್‌ಕ್ಯಾಲ್ಕ್ ಬಳಸುವಾಗ ಒಂದು ಗಮನಿಸಿ, ನಾನು ಬಳಸಿದ ವರ್ಷನ್‌ನಲ್ಲಿ ದಿಕ್ಕಿನ ಕೋನ ಉತ್ತರದಿಂದ ಅಲ್ಲ, ದಕ್ಷಿಣದಿಂದ ಪಶ್ಚಿಮದ ಕಡೆಗೆ ಲೆಕ್ಕ, ಅದೂ ಡಿಗ್ರಿ ಅಲ್ಲ ರೇಡಿಯನ್. ನೆರಳು ಸೂರ್ಯನ ವಿರುದ್ಧ ದಿಕ್ಕಿಗೆ ಬೀಳ್ಬೇಕು, ಇದೆರಡನ್ನೂ ಒಂದು ಕಾಗದದ ಮೇಲೆ ಬಾಣ ಹಾಕ್ಕೊಂಡು ಖಾತ್ರಿ ಮಾಡ್ಕೊಂಡೇ ಕೋಡ್ ಬರೀರಿ.

ನೆರಳಿನ ಆಕಾರ ಮಾಡೋದು ಹೀಗೆ, ಕಟ್ಟಡದ ತಳದ ಪ್ರತಿ ಅಂಚನ್ನ ನೆರಳಿನ ದಿಕ್ಕಿಗೆ ನೆರಳಿನ ಉದ್ದದಷ್ಟು ಸರಿಸಿ, ಹಳೇ ಅಂಚು ಹೊಸ ಅಂಚು ಸೇರಿಸಿ ಒಂದು ಚತುರ್ಭುಜ ಮಾಡೋದು, ಎಲ್ಲಾ ಚತುರ್ಭುಜಗಳನ್ನೂ ತಳವನ್ನೂ ಟರ್ಫ್ ಲೈಬ್ರರಿಯ ಯೂನಿಯನ್‌ನಿಂದ ಒಂದು ಮಾಡೋದು. ಎಲ್ಲಾ ಮೂಲೆ ಸುತ್ತ ಒಂದು ಹೊರಗೆರೆ ಎಳೆದ್ರೆ ಬೇಗ ಆಗತ್ತೆ, ಆಯತದ ಕಟ್ಟಡಕ್ಕೆ ಅದು ಸರಿ, ಮಧ್ಯೆ ಅಂಗಳ ಬಿಟ್ಟ ಕಟ್ಟಡಕ್ಕೆ ಅಂಗಳವೂ ನೆರಳು ಅಂತ ಬಂದುಬಿಡತ್ತೆ. ಮರಗಳಿಗೆ ಕೊಂಬೆ ಹರಡಿರೋ ಅಗಲದ ಒಂದು ವೃತ್ತ, ಅದನ್ನೂ ಅದೇ ದಿಕ್ಕಿಗೆ ಸರಿಸೋದು. ಎಲೆ ಉದುರಿಸೋ ಮರ ಅಂತ ಟ್ಯಾಗ್ ಇದ್ರೆ ಉದುರೋ ತಿಂಗಳುಗಳಲ್ಲಿ ಅದನ್ನ ಲೆಕ್ಕದಿಂದ ಬಿಟ್ಟೆ.

ಇಷ್ಟನ್ನೂ ಫೋನ್‌ನಲ್ಲಿ ಮಾಡೋಕೆ ಹೋದ್ರೆ ಫೋನ್ ಬಿಸಿಯಾಗತ್ತೆ. ಅದಕ್ಕೆ ಮೊದಲೇ ಲ್ಯಾಪ್‌ಟಾಪ್‌ನಲ್ಲಿ ಲೆಕ್ಕ ಹಾಕಿಟ್ಟೆ: ದಾರಿಗಳನ್ನೆಲ್ಲಾ 10 ಮೀಟರ್ ತುಂಡು ಮಾಡಿ, ಪ್ರತಿ ತಿಂಗಳ 15ನೇ ತಾರೀಖಿಗೆ ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ಗಂಟೆಗೊಂದು ಸಲ, ತುಂಡಿನ ನಡು ಬಿಂದು ನೆರಳಲ್ಲಿದ್ಯಾ ಇಲ್ವಾ. ಒಂದು ತುಂಡಿಗೆ 12 ತಿಂಗಳು ಇಂಟು 12 ಗಂಟೆ, 144 ಸೊನ್ನೆ ಒಂದುಗಳು, ಅಷ್ಟೇ ಸ್ಟೋರ್ ಮಾಡೋದು. ಸೂರ್ಯ 10 ಡಿಗ್ರಿಗಿಂತ ಕೆಳಗಿದ್ರೆ ಎಲ್ಲವೂ ನೆರಳು ಅಂತ ಬಿಟ್ಟೆ, ಆ ಬಿಸಿಲು ಯಾರಿಗೂ ಸುಡಲ್ಲ. ಬೇರೆ ಸರ್ವರ್‌ನಲ್ಲಿ ರನ್ ಮಾಡೋದಾದ್ರೆ ಅಲ್ಲಿ ಗಡಿಯಾರ ಸಾಮಾನ್ಯವಾಗಿ ಯುಟಿಸಿ (ಅಂತಾರಾಷ್ಟ್ರೀಯ ಸಮಯ), ಗಂಟೆಗಳು ಸರಿದುಹೋಗ್ತವೆ, ಟೈಮ್‌ಝೋನ್ ಸ್ಪಷ್ಟವಾಗಿ ಕೊಡಿ.

ಆಮೇಲೆ ಹೋಗಿ ನೋಡೋದು. ಮ್ಯಾಪ್‌ನಲ್ಲಿ ಹೊತ್ತು ಬದಲಾಯಿಸೋ ಸ್ಲೈಡರನ್ನ ನಾಲ್ಕು ಗಂಟೆಗೆ ಇಟ್ಟು ಅದೇ ನಾಲ್ಕು ಗಂಟೆಗೆ ಆ ಬೀದೀಲಿ ನಿಂತೆ, ಕಟ್ಟಡದ ನೆರಳಿನ ಅಂಚು ಮ್ಯಾಪ್ ಹೇಳಿದ ಕಡೆ ಒಂದೆರಡು ಹೆಜ್ಜೆ ವ್ಯತ್ಯಾಸದಲ್ಲಿ ನೆಲದ ಮೇಲೆ ಬಿದ್ದಿತ್ತು, ಅದನ್ನ ನೋಡಿದ ಸಂತೋಷ ಇನ್ನೂ ಇದೆ. ಒಂದು ದಾರಿ ಮಾತ್ರ ಮ್ಯಾಪ್‌ನಲ್ಲಿ ಪೂರ್ತಿ ಬಿಸಿಲು, ಅಲ್ಲಿ ಹೋದ್ರೆ ತಂಪಾದ ನೆರಳು. ಪಕ್ಕದಲ್ಲೇ ಎತ್ತರದ ಕಾಂಪೌಂಡ್ ಗೋಡೆ ಇದೆ, ಡೇಟಾದಲ್ಲಿ ಆ ಗೋಡೆಗೆ ಎತ್ತರವೇ ಇಲ್ಲ. ಗೋಡೆಗಳ ಎತ್ತರ ತುಂಬಿ, ಮೇಲೆ ಚಾವಣಿ ಇರೋ ದಾರಿಗಳಿಗೆ ಕವರ್ಡ್=ಯೆಸ್ ಹಾಕಿ ಮತ್ತೆ ರನ್ ಮಾಡಿದ್ಮೇಲೆ ಬಹಳ ಹತ್ತಿರ ಬಂತು.

ಬಣ್ಣ ಆರಿಸುವಾಗ ಕೆಂಪು ಹಸಿರು ಬಿಟ್ಟು ಕಡು ನೀಲಿ ನೆರಳಿಗೆ, ಕಿತ್ತಳೆ ಬಿಸಿಲಿಗೆ ಇಟ್ಟೆ, ಕೆಂಪು ಹಸಿರಿನ ವ್ಯತ್ಯಾಸ ಕಾಣದವರಿಗೂ ಇದು ಕಾಣತ್ತೆ.

ಕೈಗೆ ಸಿಗೋ ಹಾಗೆ

ಲೀಫ್ಲೆಟ್‌ನ ಮಾಮೂಲಿ ಪಿನ್ 25 ಅಗಲ 41 ಎತ್ತರದ ಪಿಕ್ಸೆಲ್, ವಯಸ್ಸಾದವರ ಬೆರಳಿಗೆ ಅದು ಚಿಕ್ಕದು. ಐಕಾನ್ ಸುತ್ತ ಕಾಣದ ಹಾಗೆ ಜಾಗ ಸೇರಿಸಿ 48 ಮಾಡ್ದೆ. ಪಾಪ್‌ಅಪ್ ತೆಗೆದು ಕೆಳಗೆ ದೊಡ್ಡಕ್ಷರದ ಕಾರ್ಡ್ ಇಟ್ಟೆ, ಯಾಕಂದ್ರೆ ಪಾಪ್‌ಅಪ್ ಬಂದಾಗ ಮ್ಯಾಪ್ ಸರಿಯತ್ತೆ, ನಾವೆಲ್ಲಿದ್ವಿ ಅನ್ನೋದೇ ತಪ್ಪಿಹೋಗತ್ತೆ. ನಾನೆಲ್ಲಿದೀನಿ ಬಟನ್ ಕೆಲಸ ಮಾಡ್ಬೇಕಂದ್ರೆ ಸೈಟ್ ಎಚ್‌ಟಿಟಿಪಿಎಸ್‌ನಲ್ಲಿರ್ಬೇಕು, ಇಲ್ಲದಿದ್ರೆ ಬ್ರೌಸರ್ ಲೊಕೇಶನ್ ಕೊಡಲ್ಲ. ಲೊಕೇಶನ್ ಜೊತೆ ಬರೋ ನಿಖರತೆಯ ಮೀಟರ್ ಸಂಖ್ಯೇನೂ ವೃತ್ತವಾಗಿ ತೋರ್ಸಿ, ಆಗ ಚುಕ್ಕೆ ಆಚೀಚೆ ಇದ್ರೆ ಗಾಬರಿಯಾಗಲ್ಲ. ವೃತ್ತಕ್ಕೆ ಸರ್ಕಲ್ ಬಳಸಿ, ಸರ್ಕಲ್‌ಮಾರ್ಕರ್ ಅಲ್ಲ, ಮೊದಲನೇದು ಮೀಟರ್ ಲೆಕ್ಕ, ಎರಡನೇದು ಪಿಕ್ಸೆಲ್ ಲೆಕ್ಕ. ಲೊಕೇಶನ್ ಎಲ್ಲೂ ಸೇವ್ ಆಗಲ್ಲ, ಫೋನ್ ಬಿಟ್ಟು ಹೊರಗೆ ಹೋಗಲ್ಲ, ಇದರ ಬಗ್ಗೆ ನಂಗೆ ರಾಜಿ ಇಲ್ಲ.

ಯುಆರ್‌ಎಲ್ ಕೊನೆಗೆ ಝೂಮ್, ಅಕ್ಷಾಂಶ, ರೇಖಾಂಶ ಸೇರೋ ಹಾಗೆ ಮಾಡ್ದೆ, ಅದರಿಂದ ಅಮ್ಮ ತಾವು ಕೂತಿರೋ ಬೆಂಚಿನ ಲಿಂಕನ್ನೇ ನಂಗೆ ಕಳಿಸ್ತಾರೆ, ಒತ್ತಿದ್ರೆ ನೇರ ಆ ಬೆಂಚು ತೆರೆಯತ್ತೆ. ಎಲ್ಲಿದೀರಮ್ಮ ಅಂತ ಫೋನ್ ಮಾಡಿ ಕೇಳೋ ಅವಶ್ಯಕತೆ ಕಮ್ಮಿಯಾಗಿದೆ.

ನೆಟ್ ಇಲ್ಲದಾಗಲೂ ಬರ್ಬೇಕಿತ್ತು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸಾಮಾನ್ಯ ಟೈಲ್ ಸರ್ವರಿಂದ ಒಟ್ಟಿಗೆ ಡೌನ್‌ಲೋಡ್ ಮಾಡಿಟ್ಕೊಳೋದಕ್ಕೆ ಅವರ ನಿಯಮದಲ್ಲಿ ಅನುಮತಿ ಇಲ್ಲ, ದಾನದ ಹಣದಲ್ಲಿ ನಡೆಯೋ ಸರ್ವರ್ ಅದು. ಬದಲಿಗೆ ಪಿಎಂಟೈಲ್ಸ್ ಬಳಸಿದೆ, ಒಂದೇ ಫೈಲ್‌ನೊಳಗೆ ಎಲ್ಲಾ ಝೂಮ್‌ನ ವೆಕ್ಟರ್ ಟೈಲ್ (ಚಿತ್ರದ ಬದಲು ಗೆರೆಗಳ ಡೇಟಾ ಇರೋ ಟೈಲ್) ಇರತ್ತೆ, ದೊಡ್ಡ ಫೈಲ್‌ನಿಂದ ನಮ್ಮ ಚೌಕವನ್ನ ಮಾತ್ರ ಕತ್ತರಿಸ್ಕೊಳೋ ಕಮಾಂಡ್ ಕೂಡ ಇದೆ. ಸಾಮಾನ್ಯ ಸ್ಟ್ಯಾಟಿಕ್ ಹೋಸ್ಟಿಂಗ್‌ನಲ್ಲಿ ಇಟ್ರೆ ಸಾಕು, ಬ್ರೌಸರ್ ಫೈಲ್‌ನ ಬೇಕಾದ ಭಾಗವನ್ನ ಮಾತ್ರ ಕೇಳಿ ತಗೊಳತ್ತೆ, ಚಿಕ್ಕ ಏರಿಯಾ ಆದ್ರೆ ಇಡೀ ಫೈಲನ್ನೇ ಫೋನ್‌ನಲ್ಲಿ ಉಳಿಸಿಡಬಹುದು.

ಕನ್ನಡ ಹೆಸರು ಬೇಕು ಅನ್ನೋರಿಗೆ ಒಂದು ಮಾತು. ಮೊದಲು ಲೀಫ್ಲೆಟ್ ಬದಲು ಮ್ಯಾಪ್‌ಲಿಬ್ರೆ ಅನ್ನೋ ಇನ್ನೊಂದು ಮ್ಯಾಪ್ ಲೈಬ್ರರಿ ಹಾಕಿ ನೋಡಿದ್ದೆ, ವೇಗ ಅದ್ಭುತ, ಆದ್ರೆ ನಾನು ಬಳಸಿದ ವರ್ಷನ್‌ನಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಿದ್ದು ಹೆಸರು ಓದೋಕೇ ಆಗ್ತಿರ್ಲಿಲ್ಲ, ಯಾಕಂದ್ರೆ ಅದು ಒಂದೊಂದು ಅಕ್ಷರದ ಚಿತ್ರವನ್ನ ತಾನೇ ಪಕ್ಕ ಪಕ್ಕ ಜೋಡಿಸತ್ತೆ. ಲೀಫ್ಲೆಟ್ ಜೊತೆ ಪಿಎಂಟೈಲ್ಸ್ ತೋರ್ಸೋ ಪ್ರೋಟೋಮ್ಯಾಪ್ಸ್‌ನ ಪ್ಲಗಿನ್ ಹಾಕಿದ್ರೆ ಬ್ರೌಸರ್‌ನ ಕ್ಯಾನ್ವಾಸ್ ಮೇಲೆ ಬರೆಯತ್ತೆ, ಅಕ್ಷರ ಜೋಡಿಸೋ ಕೆಲಸ ಬ್ರೌಸರ್‌ದೇ ಆಗೋದ್ರಿಂದ ಕನ್ನಡ ಮುದ್ದಾಗಿ ಬರತ್ತೆ. ಹೆಸರಿಗೆ ಡೇಟಾದಲ್ಲಿ ನೇಮ್ ಕೋಲನ್ ಕೆಎನ್ ಅನ್ನೋ ಟ್ಯಾಗ್ ತುಂಬಿರ್ಬೇಕು.

ಇದೇ ಅಸ್ಥಿಪಂಜರ ಇಟ್ಕೊಂಡು ಬೇರೆ ಪ್ರಶ್ನೆ ಹಾಕ್ಕೋಬಹುದು. ಮಳೆ ಬಂದಾಗ ಎಲ್ಲಿ ನೀರು ನಿಲ್ಲತ್ತೆ ಅಂತ ಬೀದಿಯವರೇ ಗುರುತು ಹಾಕೋ ಮ್ಯಾಪ್, ಮನೆಮನೆಯ ಹಳೇ ಫೋಟೋಗಳನ್ನ ಅವು ತೆಗೆದ ಜಾಗಕ್ಕೇ ಪಿನ್ ಮಾಡೋ ಮ್ಯಾಪ್, ಯಾವ ಮರ ಯಾವ ತಿಂಗಳು ಹೂ ಬಿಡತ್ತೆ ಅನ್ನೋ ಮ್ಯಾಪ್. ಜನರಿಂದ ವರದಿ ತಗೊಂಡು ಮ್ಯಾಪ್ ಮಾಡೋದಕ್ಕೆ ಉಷಾಹಿದಿ ದೊಡ್ಡ ಉದಾಹರಣೆ, 2008ರಲ್ಲಿ ಕೀನ್ಯಾದ ಚುನಾವಣೆ ನಂತರದ ಹಿಂಸಾಚಾರದ ಸುದ್ದಿಗಳನ್ನ ಮ್ಯಾಪ್ ಮೇಲೆ ಸೇರಿಸೋಕೆ ಹುಟ್ಟಿದ್ದು, ಆಮೇಲೆ ಎಷ್ಟೋ ದೇಶದಲ್ಲಿ ಬಳಕೆಯಾಯ್ತು. ಫೋಟೋ ಮ್ಯಾಪ್ ಮಾಡೋರು ಮಾತ್ರ ಅಪ್‌ಲೋಡ್ ಮಾಡೋ ಮುಂಚೆ ಫೋಟೋದೊಳಗಿನ ಜಿಪಿಎಸ್ ಮಾಹಿತಿ ತೆಗೆದು, ಮನೆಗಳ ಜಾಗವನ್ನ ಮೂರನೇ ದಶಾಂಶಕ್ಕೆ ಕತ್ತರಿಸಿ ಹಾಕಿ, ಅದು ನೂರು ಮೀಟರ್ ಆಸುಪಾಸು ಅಷ್ಟೇ ಹೇಳತ್ತೆ, ಯಾರ ಮನೆ ಬಾಗಿಲನ್ನೂ ತೋರಿಸಲ್ಲ.

ಸದ್ಯ ಬಾಕಿ ಇರೋದು ಎರಡು. ಒಂದು, ರಾತ್ರಿ ಲೈಟ್ ಇರೋ ದಾರಿಗಳ ಲೇಯರ್, ಡೇಟಾ ಅರ್ಧ ತುಂಬಿದೆ. ಇನ್ನೊಂದು, ಏರು. ಸಿಗೋ ಉಚಿತ ಎತ್ತರದ ಡೇಟಾ ಹೆಚ್ಚಾಗಿ 30 ಮೀಟರಿಗೊಂದು ಬಿಂದು, ಒಂದು ಚಿಕ್ಕ ಓಣಿಯ ಕಡಿದಾದ ಏರನ್ನ ಅದು ಹಿಡಿಯಲ್ಲ, ಹಾಗಾಗಿ ಅಂಥ ದಾರಿಗಳಿಗೆ ಸದ್ಯ ನಡೆದು ನೋಡಿ ಇನ್‌ಕ್ಲೈನ್ ಟ್ಯಾಗ್ ಕೈಯಲ್ಲೇ ಹಾಕ್ತಿದೀನಿ. ಓವರ್‌ಪಾಸ್‌ನಿಂದ ತಿಂಗಳಿಗೊಮ್ಮೆ ಹೊಸ ಡೇಟಾ ಇಳಿಸಿ ನೆರಳಿನ ಲೆಕ್ಕ ಮತ್ತೆ ಮಾಡೋ ಸ್ಕ್ರಿಪ್ಟ್ ತಾನಾಗೇ ರನ್ ಆಗತ್ತೆ, ಕಳೆದ ಸಲ ರನ್ ಆದಾಗ ನಾನು ಹಾಕಿರದ ಬೆಂಚುಗಳೂ ಒಂದಷ್ಟು ಬಂದಿದ್ವು, ಬೇರೆ ಯಾರೋ ಹಾಕ್ತಿದಾರೆ.